ಹೊರಗಿನವರು ತೊಡಿಸಿದ ಕಿರೀಟ
ಜೂಲು ಅರಸ ಕೆಚ್ವಾಯೊನ ಜೀವನ ಕಥೆ

ಪಾಲುಪಟ್ಟಿಯ ತಕರಾರಿನಲ್ಲಿ ಅಣ್ಣತಮ್ಮಂದಿರು ಮೂರನೆಯವನನ್ನು ನಡುವೆ ಕರೆದರೆ ಕೊನೆಗೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತಿದ್ದ ಸಂಗತಿಯೇ. ಗೆದ್ದವನ ಕೈಯಲ್ಲಿ ತೀರ್ಪಿನ ಪ್ರತಿ ಉಳಿಯುತ್ತದೆ. ಗದ್ದೆ ಮಾತ್ರ ಇನ್ನೊಬ್ಬನ ಹೆಸರಿಗೆ ಹೋಗಿರುತ್ತದೆ. ಒಂದು ಕುಟುಂಬಕ್ಕೆ ಬರುವ ಈ ಗತಿ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಇಡೀ ಜನಾಂಗಕ್ಕೆ ಬಂದೊದಗಿತು. ಆ ಜನಾಂಗ ಆಫ್ರಿಕಾದ ಆಗ್ನೇಯ ಕರಾವಳಿಯ ಜೂಲು ಜನರು. ಆ ದುರಂತದ ನಡುವೆ ನಿಂತವನು ಅವರ ಕೊನೆಯ ಸ್ವತಂತ್ರ ಅರಸನಾದ ಕೆಚ್ವಾಯೊ.

ಅವನ ಹೆಸರಿನ ಮೊದಲ ಅಕ್ಷರವನ್ನು ನಮ್ಮ ಲಿಪಿಯಲ್ಲಿ ಸರಿಯಾಗಿ ಬರೆಯುವುದು ಸಾಧ್ಯವಿಲ್ಲ. ಯಾರದಾದರೂ ಕಷ್ಟವನ್ನು ಕೇಳಿ ಮರುಗುವಾಗ ನಾವು ನಾಲಗೆಯನ್ನು ಹಲ್ಲಿಗೆ ತಾಗಿಸಿ ಲೊಚಗುಟ್ಟುತ್ತೇವಲ್ಲ, ಹೆಚ್ಚುಕಡಿಮೆ ಅದೇ ಸದ್ದು ಜೂಲು ಭಾಷೆಯಲ್ಲಿ ಒಂದು ವ್ಯಂಜನ. ಆಂಗ್ಲರ ಬಾಯಿಗೆ ಬಂದಂತೆ ನಾವೂ ಕೆಚ್ವಾಯೊ ಎಂದೇ ಬರೆಯೋಣ.

ಸಿಂಹಾಸನಕ್ಕೆ ಅಂಟಿದ ನೆತ್ತರು

ಚಿಕ್ಕ ಕುಲವಾಗಿದ್ದ ಜೂಲುಗಳನ್ನು ದೊಡ್ಡ ರಾಜ್ಯವಾಗಿ ಕಟ್ಟಿದವನು ಷಾಕಾ. 1828ನೆಯ ಇಸವಿ ಸೆಪ್ಟೆಂಬರಿನಲ್ಲಿ ಅವನನ್ನು ಕೊಂದವರು ಹೊರಗಿನ ಶತ್ರುಗಳಲ್ಲ. ಡಿಂಗಾನೆ ಮತ್ತು ಮಹ್ಲಾಂಗಾನಾ ಎಂಬ ಅವನ ಮಲತಮ್ಮಂದಿರು. ಬಹಳ ಕಾಲ ಕಳೆಯುವ ಮೊದಲೇ ಡಿಂಗಾನೆ ತನ್ನ ಜತೆಗಾರನಾದ ಮಹ್ಲಾಂಗಾನಾನನ್ನೂ ಮುಗಿಸಿ ಪಟ್ಟವೇರಿದನು. ಪಟ್ಟಕ್ಕೆ ಹಕ್ಕುದಾರರಾಗಬಹುದಾದ ಇತರ ಹಲವು ಅಣ್ಣತಮ್ಮಂದಿರನ್ನೂ ಅವನು ಉಳಿಸಲಿಲ್ಲ. ಆದರೆ ಎಂಪಾಂಡೆ ಎಂಬವನನ್ನು, ಇವನು ಮಂದಬುದ್ಧಿಯವನು, ಇವನಿಂದ ಅಪಾಯವಿಲ್ಲ ಎಂದು ಬದುಕಗೊಟ್ಟನು.

ಎಂಪಾಂಡೆ ಮಂದಬುದ್ಧಿಯವನಾಗಿರಲಿಲ್ಲ. 1838ರಲ್ಲಿ ಡಚ್ ಮೂಲದ ಬಿಳಿಯ ರೈತರಾದ ಬೋಯರರೊಡನೆ ನಡೆದ ಯುದ್ಧದಲ್ಲಿ ಡಿಂಗಾನೆ ಸೋತು ಬಲಗುಂದಿದ್ದನು. ಮರುವರ್ಷ ಎಂಪಾಂಡೆ ಸಾವಿರಾರು ಜನರನ್ನೂ ದನಗಳನ್ನೂ ಕಟ್ಟಿಕೊಂಡು ತುಗೇಲಾ ನದಿಯನ್ನು ದಾಟಿ ಬೋಯರರ ಆಶ್ರಯಕ್ಕೆ ಹೋದನು. ಜನಾಂಗವನ್ನು ಕಟ್ಟಿ ಹಿಡಿದಿದ್ದ ಹಗ್ಗ ಹರಿದ ಘಟನೆಯೆಂದು ಜೂಲುಗಳು ಇದನ್ನು ನೆನೆಯುತ್ತಾರೆ. 1840ರ ಜನವರಿಯಲ್ಲಿ ಎಂಪಾಂಡೆಯ ದಂಡು ಡಿಂಗಾನೆಯ ದಂಡನ್ನು ಮುರಿಯಿತು. ಓಡಿದ ಡಿಂಗಾನೆ ಉತ್ತರದ ಗಡಿಯಲ್ಲಿ ಕೊಲೆಯಾದನು. ಫೆಬ್ರವರಿಯಲ್ಲಿ ಬೋಯರರು ಎಂಪಾಂಡೆಯನ್ನು ಅರಸನೆಂದು ಸಾರಿದರು. ಇದಕ್ಕಾಗಿ ಅವರು ಸಾವಿರಗಟ್ಟಲೆ ದನಗಳನ್ನು ಹೊಡೆದುಕೊಂಡು ಹೋದರು. ತುಗೇಲಾದ ದಕ್ಷಿಣದ ನೆಲ ಜೂಲು ಅರಸರಿಗೆ ಮತ್ತೆ ದಕ್ಕಲಿಲ್ಲ. ಹೊರಗಿನವರ ಕೈಯಿಂದ ಪಡೆದ ಮೊದಲ ಪಟ್ಟ ಇದು.

ಅಣ್ಣತಮ್ಮಂದಿರ ಕದನ

ಎಂಪಾಂಡೆಯ ಮಗನಾಗಿ ಕೆಚ್ವಾಯೊ ಹುಟ್ಟಿದ್ದು 1826ರ ಸುಮಾರಿಗೆ, ಎಶೋವೆ ಎಂಬಲ್ಲಿಯ ಸಮೀಪ. ತಾಯಿಯ ಹೆಸರು ಅಂಕುಂಬಾಜಿ. 1839ರಲ್ಲಿ ಬೋಯರರ ಆಶ್ರಯದಲ್ಲಿದ್ದಾಗ ತಂದೆ ಈ ಬಾಲಕನನ್ನೇ ತನ್ನ ಉತ್ತರಾಧಿಕಾರಿಯೆಂದು ಅವರಿಗೆ ತೋರಿಸಿದ್ದನು. ಆದರೆ ಸಿಂಹಾಸನದ ಮೇಲೆ ಕುಳಿತ ಬಳಿಕ ಮುದುಕನ ಮನಸ್ಸು ತಿರುಗಿತು.

ಇದಕ್ಕೆ ಕಾರಣವನ್ನು ತಿಳಿಯಲು ಜೂಲುಗಳ ಪದ್ಧತಿಯನ್ನು ಸ್ವಲ್ಪ ನೋಡಬೇಕು. ಅಲ್ಲಿ ಅರಸನ ಹಿರಿಯ ಮಗನಿಗೆ ಪಟ್ಟವೆಂಬ ನಿಯಮವಿರಲಿಲ್ಲ. ಅರಸನು ತನ್ನ ಅನೇಕ ಹೆಂಡಿರಲ್ಲಿ ಒಬ್ಬಳನ್ನು ಪಟ್ಟದರಸಿಯೆಂದು ಹೆಸರಿಸಬೇಕು. ಅವಳ ಮಗನಿಗೆ ರಾಜ್ಯ. ಇದನ್ನು ಆದಷ್ಟು ತಡಮಾಡುವುದೇ ಅರಸನಿಗೆ ಕ್ಷೇಮ. ತನಗೆ ಕೈಕಾಲು ಗಟ್ಟಿಯಿರುವಾಗಲೇ ಉತ್ತರಾಧಿಕಾರಿ ಪ್ರಾಯಕ್ಕೆ ಬಂದರೆ ಜನ ಅವನ ಹಿಂದೆ ಹೋಗುತ್ತಾರೆ. ಎಂಪಾಂಡೆಗೆ ಇಪ್ಪತ್ತಕ್ಕೂ ಹೆಚ್ಚು ಗಂಡುಮಕ್ಕಳಿದ್ದರು. ಕೆಚ್ವಾಯೊನ ಸುತ್ತ ತರುಣರು ನೆರೆಯುತ್ತಿದ್ದುದನ್ನು ಕಂಡು ಅವನು ಮೊನಾಸೆ ಎಂಬ ಪ್ರಿಯಪತ್ನಿಯ ಮಗನಾದ ಎಂಬುಯಾಜಿಯನ್ನು ಎದುರಾಳಿಯಾಗಿ ಬೆಳೆಸಿದನು. ಒಬ್ಬನನ್ನು ತಗ್ಗಿಸಲು ಇನ್ನೊಬ್ಬನನ್ನು ಎತ್ತಿಕಟ್ಟಿದರೆ ತಾನು ನಿಶ್ಚಿಂತನಾಗಿರಬಹುದೆಂದು ಅವನ ಲೆಕ್ಕ.

ರಾಜ್ಯ ಎರಡು ಪಂಗಡವಾಯಿತು. ಕೆಚ್ವಾಯೊನ ಕಡೆಯವರು ಉಸೂತು ಎಂದೂ ಎಂಬುಯಾಜಿಯ ಕಡೆಯವರು ಇಜಿಗೊಜಾ ಎಂದೂ ಕರೆಸಿಕೊಂಡರು. 1856ರ ಕೊನೆಯಲ್ಲಿ ಎಂಪಾಂಡೆ ತುಗೇಲಾ ನದಿಯ ಉತ್ತರ ದಂಡೆಯ ಸೀಮೆಯನ್ನು ಎಂಬುಯಾಜಿಗೆ ಬಿಟ್ಟುಕೊಟ್ಟನು. ಆಚೆ ದಂಡೆಯಲ್ಲಿ ಬ್ರಿಟಿಷರ ನಟಾಲ್ ವಸಾಹತು. ಬೇಕಾದಾಗ ನದಿ ದಾಟಿ, ತಂದೆ ಹಿಂದೆ ಮಾಡಿದಂತೆ, ಬಿಳಿಯರ ನೆರವನ್ನು ಪಡೆಯಬಹುದೆಂಬ ಎಣಿಕೆ ಇದರಲ್ಲಿತ್ತು.

ಎಂಬುಯಾಜಿ ನೆರವನ್ನು ಕೇಳಿದನು. ನಟಾಲಿನ ಅಧಿಕಾರಿಗಳು ಸೈನ್ಯವನ್ನು ಕೊಡಲಿಲ್ಲ. ಜಾನ್ ಡನ್ ಎಂಬ ಬಿಳಿಯ ಬೇಟೆಗಾರನೊಬ್ಬ ಮಾತ್ರ ಬಂದೂಕು ಹಿಡಿದ ಸಣ್ಣ ಗುಂಪಿನೊಡನೆ ನದಿ ದಾಟಿ ಬಂದನು. ಎಂಬುಯಾಜಿಯ ಬಳಿ ಸುಮಾರು ಏಳು ಸಾವಿರ ಹೋರಾಳುಗಳಿದ್ದರು. ಅವರ ಬೆನ್ನಿಗೆ ಹೆಂಗಸರು, ಮಕ್ಕಳು, ಮುದುಕರು, ದನಗಳು. ಎದುರಿಗೆ ಕೆಚ್ವಾಯೊನ ಹದಿನೈದರಿಂದ ಇಪ್ಪತ್ತು ಸಾವಿರ ಈಟಿಯಾಳುಗಳು. ಹಿಂದೆ ನೆರೆ ಬಂದು ತುಂಬಿ ಹರಿಯುತ್ತಿದ್ದ ನದಿ.

1856 ಡಿಸೆಂಬರ್ 2ರಂದು ಎಂಡೊಂಡಾಕುಸುಕಾ ಎಂಬಲ್ಲಿ ಕದನ ನಡೆಯಿತು. ಕದನಕ್ಕಿಂತ ಹೆಚ್ಚಾಗಿ ಅದು ಕಗ್ಗೊಲೆ. ಇಜಿಗೊಜಾ ಸಾಲು ಮುರಿದ ಮೇಲೆ ಉಸೂತುಗಳು ಹೆಂಗಸರನ್ನೂ ಮಕ್ಕಳನ್ನೂ ಬಿಡದೆ ನದಿಯವರೆಗೆ ಅಟ್ಟಿಕೊಂಡು ಹೋದರು. ಈಟಿಗೆ ಸಿಗದವರು ನೀರುಪಾಲಾದರು. ಸತ್ತವರು ಇಪ್ಪತ್ತು ಸಾವಿರದ ಹತ್ತಿರವೆಂದು ಒಂದು ಅಂದಾಜು. ಹತ್ತಿರದ ಒಂದು ತೊರೆಗೆ ಮಟಾಂಬೊ, ಎಂದರೆ ಎಲುಬುಗಳ ತೊರೆ, ಎಂಬ ಹೆಸರು ಬಂತು. ಎಂಬುಯಾಜಿಯೂ ಎಂಪಾಂಡೆಯ ಇನ್ನೈವರು ಗಂಡುಮಕ್ಕಳೂ ಅಂದು ಮಡಿದರು. ನಮ್ಮ ಕುರುಕ್ಷೇತ್ರದಲ್ಲಿ ಧೃತರಾಷ್ಟ್ರನಿಗೆ ಒಂದು ಕಡೆಯ ಮಕ್ಕಳಿಗಾಗಿ ಅಳುವ ಅವಕಾಶವಾದರೂ ಇತ್ತು. ಇಲ್ಲಿ ಕೊಂದವನೂ ಮಗನೇ, ಸತ್ತವರೂ ಮಕ್ಕಳೇ.

ಗೆಲುವಿನ ಹೆದರಿಕೆ

ಮೂವತ್ತು ವರ್ಷದ ಕೆಚ್ವಾಯೊ ಅಂದಿನಿಂದ ರಾಜ್ಯದ ನಿಜವಾದ ಒಡೆಯನಾದನು. ಆದರೆ ನಿದ್ದೆ ಮಾತ್ರ ಬರಲಿಲ್ಲವೆನ್ನಬೇಕು. ಎಂಬುಯಾಜಿಯ ಒಡಹುಟ್ಟಿದ ತಮ್ಮನಾದ ಎಂಕುಂಗೋ ಎಂಬ ಹುಡುಗ ನಟಾಲಿಗೆ ತಪ್ಪಿಸಿಕೊಂಡು ಹೋಗಿ ಬ್ರಿಟಿಷರ ರಕ್ಷಣೆಯಲ್ಲಿ ಬೆಳೆಯುತ್ತಿದ್ದನು. ಅತ್ತ ಮುದುಕ ತಂದೆ ನೊಮಾಂಟ್ಷಾಲಿ ಎಂಬ ಕಿರಿಯ ಹೆಂಡತಿಯ ಮಕ್ಕಳ ಮೇಲೆ ಪ್ರೀತಿಯಿಟ್ಟಿದ್ದನು. 1861ರಲ್ಲಿ ಕೆಚ್ವಾಯೊನ ಆಳುಗಳು ಅವಳನ್ನು ಕೊಂದರು. ಅವಳ ಮಗ ಎಂಟೊಂಗಾ ಗಡಿ ದಾಟಿ ಬೋಯರರ ಊರನ್ನು ಸೇರಿದನು.

ಬೋಯರರು ಎಂಟೊಂಗಾನನ್ನು ಒಪ್ಪಿಸಿದರು. ಅದಕ್ಕೆ ಪ್ರತಿಯಾಗಿ ಕೆಚ್ವಾಯೊ ಗಡಿಯ ನೆಲವನ್ನು ಬರೆದುಕೊಟ್ಟನೆಂದು ಆಮೇಲೆ ವಾದಿಸಿದರು. ಅಂಥದೇನನ್ನೂ ಕೊಟ್ಟಿಲ್ಲವೆಂದು ಜೂಲುಗಳು ಕೊನೆಯವರೆಗೂ ಹೇಳಿದರು. ಈ ತಕರಾರು ಹದಿನೇಳು ವರ್ಷಗಳ ಬಳಿಕ ರಾಜ್ಯದ ಕುತ್ತಿಗೆಗೆ ಬಂತು.

ಅದೇ ವರ್ಷ ನಟಾಲಿನ ದೇಶೀಯ ವ್ಯವಹಾರಗಳ ಅಧಿಕಾರಿ ಥಿಯೋಫಿಲಸ್ ಷೆಪ್‌ಸ್ಟೋನ್ ಜೂಲು ಆಸ್ಥಾನಕ್ಕೆ ಬಂದು ಕೆಚ್ವಾಯೊನೇ ಉತ್ತರಾಧಿಕಾರಿಯೆಂದು ಎಂಪಾಂಡೆಯಿಂದ ಸಾರಿಸಿದನು. ಕೆಚ್ವಾಯೊನಿಗೆ ಇದು ಬೇಕಾಗಿತ್ತು. ಆದರೆ ಯಾರು ಉತ್ತರಾಧಿಕಾರಿಯೆಂಬ ಮನೆಯ ಮಾತಿಗೆ ಬ್ರಿಟಿಷರ ಮುದ್ರೆ ಬೇಕೆಂಬುದನ್ನೂ ಅವನು ಇದರಿಂದ ಒಪ್ಪಿಕೊಂಡಂತಾಯಿತು.

1872ರಲ್ಲಿ ಎಂಪಾಂಡೆ ತೀರಿಕೊಂಡನು. ಷಾಕಾನ ತರುವಾಯ ಸಹಜ ಮರಣ ಹೊಂದಿದ ಮೊದಲ ಜೂಲು ಅರಸ ಅವನೇ. ಮರುವರ್ಷ ಜೂಲುಗಳು ತಮ್ಮ ಸಂಪ್ರದಾಯದಂತೆ ಕೆಚ್ವಾಯೊನಿಗೆ ಪಟ್ಟ ಕಟ್ಟಿದರು. ಅದಷ್ಟೇ ಸಾಕಾಗಿತ್ತು. ಆದರೂ ಒಳಗಿನ ದಾಯಾದಿಗಳಿಗೂ ಹೊರಗಿನ ಬೋಯರರಿಗೂ ಹೆದರಿದ್ದ ಅವನು ಷೆಪ್‌ಸ್ಟೋನನನ್ನು ಕರೆಸಿದನು. 1873 ಸೆಪ್ಟೆಂಬರ್ 1ರಂದು ಷೆಪ್‌ಸ್ಟೋನ್ ಥಳಕಿನ ಕಿರೀಟವೊಂದನ್ನು ಅವನ ತಲೆಗಿಟ್ಟು, ವಿಚಾರಣೆಯಿಲ್ಲದೆ ಯಾರನ್ನೂ ಕೊಲ್ಲಬಾರದು ಮೊದಲಾದ ಕಟ್ಟಳೆಗಳನ್ನು ಓದಿ ಹೇಳಿದನು. ಹೊರಗಿನವರ ಕೈಯಿಂದ ಪಡೆದ ಎರಡನೆಯ ಪಟ್ಟ ಇದು. ಜೂಲುಗಳ ಪಾಲಿಗೆ ಆ ಮಾತುಗಳು ಸಮಾರಂಭದ ಉಪಚಾರ. ಬ್ರಿಟಿಷರ ಕಡತದಲ್ಲಿ ಅವು ಕೊಟ್ಟ ವಾಗ್ದಾನಗಳಾಗಿ ದಾಖಲಾದವು.

ಬೆಟ್ಟದಡಿಯ ಜಯ, ಬಯಲಿನ ಸೋಲು

ಅರಸನಾಗಿ ಕೆಚ್ವಾಯೊ ಸಮರ್ಥನೇ ಆಗಿದ್ದನು. ತಂದೆಯ ಕಾಲದಲ್ಲಿ ಸಡಿಲಗೊಂಡಿದ್ದ ಸೈನ್ಯವನ್ನು ಬಿಗಿಗೊಳಿಸಿದನು. ಜೂಲುಗಳಲ್ಲಿ ಸಮಪ್ರಾಯದ ತರುಣರನ್ನೆಲ್ಲ ಒಂದು ದಳಕ್ಕೆ ಸೇರಿಸುತ್ತಿದ್ದರು. ಅವರು ಅರಸನ ದನ ಕಾಯುವರು, ಹೊಲ ಮಾಡುವರು, ಕರೆದಾಗ ಯುದ್ಧಕ್ಕೆ ಹೋಗುವರು. ಅರಸನ ಅಪ್ಪಣೆಯಾದ ಮೇಲೆಯೇ ಇಡೀ ದಳಕ್ಕೆ ಮದುವೆ. ರಾಜ್ಯದ ಬಲವೆಲ್ಲ ಈ ಕಟ್ಟಿನಲ್ಲಿತ್ತು. ಒಂದು ಕಾಲಕ್ಕೆ ಎದುರಾಳಿಯಾಗಿದ್ದ ಜಾನ್ ಡನ್ನನನ್ನು ಕೆಚ್ವಾಯೊ ಮಿತ್ರನನ್ನಾಗಿ ಮಾಡಿಕೊಂಡು ನೆಲವನ್ನೂ ಜನರನ್ನೂ ಕೊಟ್ಟನು. ಡನ್ ಅವನಿಗೆ ಬಂದೂಕುಗಳನ್ನು ತರಿಸಿಕೊಟ್ಟನು.

ಅಷ್ಟರಲ್ಲಿ ದಕ್ಷಿಣ ಆಫ್ರಿಕಾದ ರಾಜ್ಯಗಳನ್ನೆಲ್ಲ ಒಂದೇ ಛತ್ರದಡಿಗೆ ತರಬೇಕೆಂಬ ಯೋಜನೆ ಬ್ರಿಟಿಷರ ತಲೆಯಲ್ಲಿ ಹುಟ್ಟಿತ್ತು. ಅದಕ್ಕಾಗಿ ಬಂದ ಹೈ ಕಮಿಷನರ್ ಸರ್ ಬಾರ್ಟ್ಲ್ ಫ್ರೇರ್, ಹಿಂದೆ ಮುಂಬಯಿಯ ಗವರ್ನರನಾಗಿದ್ದವನು. ಸ್ವತಂತ್ರ ಜೂಲು ರಾಜ್ಯ ಅವನ ಕಣ್ಣಿಗೆ ಮುಳ್ಳಾಯಿತು. ಬೋಯರರ ಗಡಿ ತಕರಾರಿನ ವಿಚಾರಣೆಗೆ ನೇಮಿಸಿದ ಆಯೋಗ 1878ರಲ್ಲಿ ಬಹುಮಟ್ಟಿಗೆ ಜೂಲುಗಳ ಪರವಾಗಿಯೇ ವರದಿ ಮಾಡಿತು. ಫ್ರೇರ್ ಅದನ್ನು ತಿಂಗಳುಗಟ್ಟಲೆ ಅದುಮಿಟ್ಟನು. ಡಿಸೆಂಬರ್ 11ರಂದು ತುಗೇಲಾ ದಂಡೆಯ ಮರವೊಂದರ ಕೆಳಗೆ ಜೂಲು ಪ್ರತಿನಿಧಿಗಳಿಗೆ ಆ ತೀರ್ಪನ್ನು ಓದಿ, ಅದರ ಬೆನ್ನಿಗೇ ಇನ್ನೊಂದು ಪತ್ರವನ್ನು ಓದಿದರು. ಪಟ್ಟಾಭಿಷೇಕದ ವಾಗ್ದಾನಗಳು ಮುರಿದಿವೆ, ಸೈನ್ಯದ ದಳಗಳನ್ನು ವಿಸರ್ಜಿಸಬೇಕು, ಬ್ರಿಟಿಷ್ ರೆಸಿಡೆಂಟನನ್ನು ಇಟ್ಟುಕೊಳ್ಳಬೇಕು, ಒಪ್ಪದಿದ್ದರೆ ಯುದ್ಧ ಎಂಬುದು ಅದರ ಸಾರ. ರೆಸಿಡೆಂಟನನ್ನು ಇಟ್ಟುಕೊಂಡ ನಮ್ಮ ದೇಶದ ಸಂಸ್ಥಾನಗಳ ಗತಿಯನ್ನು ಓದಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

1879 ಜನವರಿ 11ರಂದು ಬ್ರಿಟಿಷ್ ಸೈನ್ಯ ಒಳನುಗ್ಗಿತು. ಕೆಚ್ವಾಯೊ ತನ್ನ ದಂಡಿಗೆ, ಗಡಿ ದಾಟಿ ನಟಾಲಿಗೆ ಹೋಗಬಾರದೆಂದು ಕಟ್ಟುನಿಟ್ಟಾಗಿ ಆಜ್ಞಾಪಿಸಿದ್ದನು. ಜನವರಿ 22ರಂದು ಇಸಾಂಡ್ಲ್ವಾನಾ ಬೆಟ್ಟದ ಬುಡದಲ್ಲಿ ಸುಮಾರು ಇಪ್ಪತ್ತು ಸಾವಿರ ಜೂಲುಗಳು ಬ್ರಿಟಿಷ್ ಶಿಬಿರವನ್ನು ಮುತ್ತಿ ಒಂದೇ ಮಧ್ಯಾಹ್ನದಲ್ಲಿ ನಾಶಮಾಡಿದರು. ಬ್ರಿಟಿಷರ ಕಡೆಯಲ್ಲಿ 1,300ಕ್ಕೂ ಹೆಚ್ಚು ಮಂದಿ ಸತ್ತರು. ಜೂಲುಗಳೂ ಸಾವಿರದಷ್ಟು ಜನರನ್ನು ಕಳೆದುಕೊಂಡರು. ಸೇನಾನಿ ಎಂಟ್ಷಿಂಗ್ವಾಯೊ ಆಗಲೇ ಎಪ್ಪತ್ತರ ಹತ್ತಿರದವನು.

ಜಗತ್ತು ಬೆರಗಾಯಿತು. ಆದರೆ ಮನೆಯ ಗೋಡೆ ಆಗಲೇ ಬಿರಿಯತೊಡಗಿತ್ತು. ಯುದ್ಧಕ್ಕೆ ಮೊದಲೇ ಜಾನ್ ಡನ್ ನದಿ ದಾಟಿ ಬ್ರಿಟಿಷರನ್ನು ಸೇರಿದ್ದನು. ಮಾರ್ಚಿಯಲ್ಲಿ ಅರಸನ ಮಲಸಹೋದರ ಹಾಮು ತನ್ನ ಜನರೊಡನೆ ಶತ್ರುಪಾಳೆಯಕ್ಕೆ ಹೋದನು. ಕೊಡಲಿ ಕಾವು ಕುಲಕ್ಕೆ ಮೃತ್ಯುವೆಂಬ ನಮ್ಮ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ? ಕೆಚ್ವಾಯೊ ಸಂಧಾನಕ್ಕಾಗಿ ಮತ್ತೆಮತ್ತೆ ದೂತರನ್ನು ಕಳುಹಿಸಿದನು. ಯಾರೂ ಕಿವಿಗೊಡಲಿಲ್ಲ. ಜುಲೈ 4ರಂದು ಉಲುಂಡಿಯ ಬಯಲಿನಲ್ಲಿ ಬ್ರಿಟಿಷರ ಫಿರಂಗಿ ಮತ್ತು ಯಂತ್ರಬಂದೂಕುಗಳ ಮುಂದೆ ಈಟಿಗಳು ಸೋತವು. ರಾಜಧಾನಿಗೆ ಬೆಂಕಿಯಿಟ್ಟರು. ಆಗಸ್ಟ್ 28ರಂದು ಕಾಡಿನ ಹಟ್ಟಿಯೊಂದರಲ್ಲಿ ಅರಸ ಸೆರೆಸಿಕ್ಕಿದನು. ಅವನನ್ನು ಹಡಗಿನಲ್ಲಿ ಕೇಪ್‌ಟೌನಿಗೆ ಒಯ್ದು ಕೋಟೆಯಲ್ಲಿಟ್ಟರು.

ಹದಿಮೂರು ತುಂಡು

ಜೂಲು ನೆಲವನ್ನು ಬ್ರಿಟಿಷರು ಆಗಲೇ ವಶಪಡಿಸಿಕೊಳ್ಳಲಿಲ್ಲ. ಅದಕ್ಕೆ ಹಣ ಬೇಕು, ಸೈನ್ಯ ಬೇಕು. ಅದಕ್ಕಿಂತ ಅಗ್ಗದ ಉಪಾಯವನ್ನು ಸರ್ ಗಾರ್ನೆಟ್ ವೂಲ್ಸ್‌ಲಿ ಹೂಡಿದನು. 1879 ಸೆಪ್ಟೆಂಬರ್ 1ರಂದು, ಎಂದರೆ ಕೆಚ್ವಾಯೊ ಕಿರೀಟ ಧರಿಸಿ ಸರಿಯಾಗಿ ಆರು ವರ್ಷವಾದ ದಿನ, ರಾಜ್ಯವನ್ನು ಹದಿಮೂರು ತುಂಡು ಮಾಡಿ ಹದಿಮೂರು ಮಂದಿಗೆ ಹಂಚಿದನು. ಪಕ್ಷ ಬಿಟ್ಟು ಬಂದ ಹಾಮುವಿಗೆ ಒಂದು ಪಾಲು. ಡನ್ನನಿಗೆ ಎಲ್ಲಕ್ಕಿಂತ ದೊಡ್ಡ ಪಾಲು. ಉತ್ತರದಲ್ಲಿ ರಾಜವಂಶದ ದಾಯಾದಿ ಶಾಖೆಯಾದ ಮಂಡ್ಲಕಾಜಿಗಳ ಮುಖ್ಯಸ್ಥ ಜಿಬೆಬುವಿಗೆ ಒಂದು ಪಾಲು.

ಈ ಜಿಬೆಬುವಿನ ತಂದೆ 1856ರಲ್ಲಿ ಕೆಚ್ವಾಯೊನ ಬೆನ್ನಿಗೆ ನಿಂತಿದ್ದವನು. ಜಿಬೆಬು ಸ್ವತಃ 1879ರ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಶೌರ್ಯದಿಂದ ಹೋರಾಡಿದವನು. ಈಗ ಅರಸನ ತಮ್ಮ ಎಂಡಬುಕೋ ಮತ್ತು ಬಾಲಕ ಯುವರಾಜ ದಿನುಜೂಲು ಅವನ ಆಳ್ವಿಕೆಗೆ ಒಳಪಟ್ಟರು. ಜಿಬೆಬು ರಾಜಮನೆತನದ ದನಗಳನ್ನು ಕಿತ್ತುಕೊಂಡನು. ಬೆಂಕಿಗೆ ಬೇರೆ ತುಪ್ಪ ಬೇಕಿರಲಿಲ್ಲ. 1882ರ ಏಪ್ರಿಲಿನಲ್ಲಿ ಎರಡು ಸಾವಿರದಷ್ಟು ಜೂಲುಗಳು ನಟಾಲಿನ ರಾಜಧಾನಿಯವರೆಗೆ ನಡೆದು ಹೋಗಿ, ತಮ್ಮ ಅರಸನನ್ನು ಹಿಂದಕ್ಕೆ ಕೊಡಿರೆಂದು ಬೇಡಿಕೊಂಡರು. ನಟಾಲಿನ ಬಿಷಪ್ ಕೊಲೆನ್ಸೋ ತನ್ನ ಜನರ ನಿಷ್ಠುರವನ್ನು ಕಟ್ಟಿಕೊಂಡು ಕೆಚ್ವಾಯೊನ ಪರವಾಗಿ ಬರೆದನು.

ಸೆರೆಯಲ್ಲಿದ್ದ ಅರಸ ಸುಮ್ಮನೆ ಕುಳಿತಿರಲಿಲ್ಲ. ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆಯಿಸಿದನು. ಕೊನೆಗೆ 1882ರ ಆಗಸ್ಟಿನಲ್ಲಿ ಅವನನ್ನು ಲಂಡನ್ನಿಗೆ ಕರೆದೊಯ್ದರು. ರಾಕ್ಷಸನನ್ನು ನೋಡಲು ಬಂದ ಜನ, ಐರೋಪ್ಯ ಉಡುಪು ಧರಿಸಿದ ಗಂಭೀರ ಪುರುಷನೊಬ್ಬನನ್ನು ಕಂಡು ಜಯಕಾರ ಮಾಡಿದರು. ಆಗಸ್ಟ್ 14ರಂದು ವಿಕ್ಟೋರಿಯಾ ರಾಣಿ ಅವನನ್ನು ಕಂಡಳು. ಬೆಳ್ಳಿಯ ಪಾತ್ರೆಯೊಂದನ್ನು ಉಡುಗೊರೆಯಾಗಿ ಕೊಟ್ಟಳು.

ಕೊನೆಯ ಅಂತಃಕಲಹ

ರಾಜ್ಯವನ್ನೂ ಕೊಟ್ಟರು, ಆದರೆ ಅರೆಬರೆಯಾಗಿ. 1883ರ ಜನವರಿಯಲ್ಲಿ ಕೆಚ್ವಾಯೊ ಮರಳಿದಾಗ ಉತ್ತರದ ಭಾಗ ಜಿಬೆಬುವಿನ ಕೈಯಲ್ಲೇ ಉಳಿದಿತ್ತು. ದಕ್ಷಿಣದ ಭಾಗ ಬ್ರಿಟಿಷರ ಮೀಸಲು ಪ್ರದೇಶವಾಗಿತ್ತು. ನಡುವಿನ ನೆಲ ಮಾತ್ರ ಅರಸನದು. ಸೈನ್ಯ ಕಟ್ಟಬಾರದೆಂಬ ನಿಬಂಧನೆ ಬೇರೆ. ಹೀಗೆ ಅರಸನ ಕೈಯನ್ನು ಕಟ್ಟಿ, ದಾಯಾದಿಯ ಕೈಯಲ್ಲಿ ಈಟಿಯನ್ನು ಬಿಟ್ಟು, ಇಬ್ಬರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿದಂತಾಯಿತು.

ಉಸೂತುಗಳು ತಡೆದುಕೊಳ್ಳಲಿಲ್ಲ. ಮಾರ್ಚ್ 30ರಂದು ಸುಮಾರು ಐದು ಸಾವಿರ ಜನ ಜಿಬೆಬುವಿನ ಮೇಲೆ ಏರಿಹೋದರು. ಎಂಸೆಬೆ ಕಣಿವೆಯಲ್ಲಿ ಹೊಂಚುಹಾಕಿದ್ದ ಜಿಬೆಬು ತನ್ನ ಸಣ್ಣ ದಂಡಿನಿಂದಲೇ ಅವರನ್ನು ಕೊಚ್ಚಿಹಾಕಿದನು. ಜುಲೈ 21ರ ಬೆಳಗ್ಗೆ, ಇಡೀ ರಾತ್ರಿ ನಡೆದು ಬಂದ ಅವನ ದಂಡು ಉಲುಂಡಿಯ ಮೇಲೆ ಎರಗಿತು. ರಾಜಧಾನಿ ಎರಡನೆಯ ಸಲ ಸುಟ್ಟುಹೋಯಿತು. ಈ ಸಲ ಜೂಲುಗಳ ಕೈಯಿಂದಲೇ. ಓಡಲಾರದ ಮುದುಕ ಸರದಾರರು ಐವತ್ತಕ್ಕೂ ಹೆಚ್ಚು ಮಂದಿ ಅಲ್ಲಿ ಕೊಲೆಯಾದರು. ಇಸಾಂಡ್ಲ್ವಾನಾದಲ್ಲಿ ಬ್ರಿಟಿಷರನ್ನು ಸೋಲಿಸಿದ ಎಂಟ್ಷಿಂಗ್ವಾಯೊ ಅವರಲ್ಲೊಬ್ಬ. ಬಿಳಿಯರ ಗುಂಡಿಗೆ ಸಿಗದವನು ತನ್ನವರ ಈಟಿಗೆ ಬಲಿಯಾದನು. ಜೂಲು ರಾಜ್ಯ ನಿಜವಾಗಿ ಮುರಿದುಬಿದ್ದದ್ದು 1879ರ ಜುಲೈಯಲ್ಲಲ್ಲ, 1883ರ ಈ ಜುಲೈಯಲ್ಲಿ ಎಂದು ಅನೇಕ ಇತಿಹಾಸಕಾರರು ಹೇಳುತ್ತಾರೆ.

ತೊಡೆಗೆ ಗಾಯವಾದ ಕೆಚ್ವಾಯೊ ಎಂಕಾಂಡ್ಲಾ ಕಾಡಿನಲ್ಲಿ ಅಡಗಿದನು. ಅಕ್ಟೋಬರಿನಲ್ಲಿ ಎಶೋವೆಗೆ ಹೋಗಿ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದನು. ಯಾವ ಹುದ್ದೆಯನ್ನು ಒಪ್ಪದೆ ಯುದ್ಧಕ್ಕೆ ನಿಂತಿದ್ದನೋ ಆ ಹುದ್ದೆಯವನ ನೆರಳಿನಲ್ಲೇ ಕೊನೆಯ ತಿಂಗಳುಗಳನ್ನು ಕಳೆಯಬೇಕಾಯಿತು. 1884 ಫೆಬ್ರವರಿ 8ರಂದು, ಹುಟ್ಟಿದ ಊರಿನ ಸಮೀಪವೇ, ಹಠಾತ್ತಾಗಿ ತೀರಿಕೊಂಡನು. ಹೃದಯದ ಕಾಯಿಲೆಯೆಂದು ವೈದ್ಯರು ಬರೆದರು. ವಿಷವಿಕ್ಕಿದರೆಂದು ಅವನ ಜನ ನಂಬಿದರು. ಶವವನ್ನು ಎತ್ತಿನ ಗಾಡಿಯಲ್ಲಿ ಎಂಕಾಂಡ್ಲಾ ಕಾಡಿಗೆ ಒಯ್ದು ಹೂಳಿ, ಆ ಗಾಡಿಯನ್ನೂ ಅಲ್ಲಿಯೇ ಬಿಟ್ಟುಬಂದರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹದಿಹರೆಯದ ಮಗ ದಿನುಜೂಲು ಜಿಬೆಬುವನ್ನು ಸೋಲಿಸಲು ಬೋಯರರನ್ನು ಕರೆದನು. 1884ರ ಮೇ ತಿಂಗಳಲ್ಲಿ ಬೋಯರರು ಅವನಿಗೆ ಪಟ್ಟ ಕಟ್ಟಿದರು. ಜೂನ್ 5ರಂದು ಜಿಬೆಬು ಸೋತನು. ಹೊರಗಿನವರ ಕೈಯಿಂದ ಪಡೆದ ಮೂರನೆಯ ಪಟ್ಟಕ್ಕೆ ಕೂಲಿಯೆಂದು ಬೋಯರರು ರಾಜ್ಯದ ವಾಯವ್ಯದ ವಿಶಾಲ ಹುಲ್ಲುಗಾವಲನ್ನು ತೆಗೆದುಕೊಂಡು ತಮ್ಮದೇ ಗಣರಾಜ್ಯ ಸ್ಥಾಪಿಸಿದರು. ಉಳಿದದ್ದನ್ನು 1887ರಲ್ಲಿ ಬ್ರಿಟಿಷರು ಸೇರಿಸಿಕೊಂಡರು. ಅಜ್ಜ ಪಟ್ಟಕ್ಕಾಗಿ ದನ ಮತ್ತು ನೆಲ ತೆತ್ತನು, ಅಪ್ಪ ಮಾತು ತೆತ್ತನು, ಮೊಮ್ಮಗ ತೆರಲು ಉಳಿದದ್ದು ರಾಜ್ಯವೇ.

1906ರಲ್ಲಿ ಬಂಬಾಟಾ ಎಂಬ ನಾಯಕ ತಲೆಗಂದಾಯದ ವಿರುದ್ಧ ಬಂಡೆದ್ದಾಗ ಅವನ ಜನ ಸೇರಿದ್ದು ಎಂಕಾಂಡ್ಲಾ ಕಾಡಿನಲ್ಲಿ, ಕೆಚ್ವಾಯೊನ ಸಮಾಧಿಯ ಬಳಿ. ಜೂಲು ದಂಗೆಯೆಂದು ನಾವು ಓದಿದ್ದು ಇದನ್ನೇ. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯವರು ಭಾರತೀಯರ ಸಣ್ಣ ಶುಶ್ರೂಷಾ ದಳವನ್ನು ಕಟ್ಟಿಕೊಂಡು ಹೋಗಿ, ಬಿಳಿಯರು ಮುಟ್ಟಲೊಲ್ಲದ ಗಾಯಾಳು ಜೂಲುಗಳ ವ್ರಣಗಳನ್ನು ತೊಳೆದರು.

ಇಂದು ದಕ್ಷಿಣ ಆಫ್ರಿಕಾದ ಒಂದು ಜಿಲ್ಲೆಗೆ ಕೆಚ್ವಾಯೊನ ಹೆಸರಿದೆ. ಜೂಲುಗಳಿಗೆ ಈಗಲೂ ಗೌರವದ ಅರಸರಿದ್ದಾರೆ. 2021ರಲ್ಲಿ ಅರಸ ಗುಡ್‌ವಿಲ್ ಜ್ವೆಲಿತಿನಿ ತೀರಿಕೊಂಡಾಗ ಉತ್ತರಾಧಿಕಾರದ ಜಗಳ ಮತ್ತೆ ಎದ್ದು ನ್ಯಾಯಾಲಯಕ್ಕೆ ಹೋಯಿತು. ಅಲ್ಲಿಯೂ ಮನೆಯ ಮಾತನ್ನು ಹೊರಗಿನವರು ತೀರ್ಮಾನಿಸಬೇಕಾಯಿತು, ನಿಜ. ಆದರೆ ಈ ಸಲ ವಾದಿಸಿದವರು ವಕೀಲರು, ಈಟಿಯಾಳುಗಳಲ್ಲ. ತುಗೇಲಾ ದಂಡೆಯ ಎಲುಬಿನ ತೊರೆಯನ್ನು ನೆನೆದರೆ, ಅಷ್ಟೂ ಸಣ್ಣ ಮಾತೇನಲ್ಲ.